ಮತ್ತೆ ಉಕ್ಕಿತು: 3ನೇ ಕ್ರಾಸ್ ಓಣಿ ಗ್ರೂಪ್, ಕಲಬುರಗಿ

ಸೋಮವಾರ, ರಾತ್ರಿ 2:40

ಮನೆ 14: ಎಲ್ಲರಿಗೂ ಒಳ್ಳೆ ನಿದ್ದೆ ಹತ್ತಿದೆ ಅಲ್ವಾ? ನಮ್ಮ ಬಚ್ಚಲಲ್ಲಿ ಪಾದ ಮುಳುಗುವಷ್ಟು ಹೊಲಸು ನೀರು ನಿಂತಿದೆ. ಒಂದೂವರೆಗೆ ಸಂಡಾಸಿನಿಂದ ಗುಡುಗುಡು ಸದ್ದು, ಹುಕ್ಕಾ ಸೇದಿದ ಹಾಗೆ. ಎದ್ದು ಲೈಟ್ ಹಾಕುವಷ್ಟರಲ್ಲಿ ಅಡುಗೆಮನೆ ಹೊಸ್ತಿಲು ದಾಟಿತ್ತು. ತೊಗರಿಬೇಳೆ ಚೀಲ ಕೆಳಗೇ ಇತ್ತು, ಹತ್ತು ಕೆಜಿ. ಅತ್ತೆಯವರು ಮಂಚದ ಮೇಲೆ ಕಾಲು ಮಡಚಿ ಕೂತಿದ್ದಾರೆ, ನಾನು ಬೋಗುಣಿಯಿಂದ ಬಳಿಯುತ್ತಿದ್ದೇನೆ. ಈ ಮಳೆಗಾಲದಲ್ಲಿ ಮೂರನೇ ಸಲ. ಇನ್ನು ಸುಮ್ನಿರಲ್ಲ.

ಬೆಳಿಗ್ಗೆ 6:05

ಕಿರಾಣಿ ಕಾಕಾ: ಅಯ್ಯೋ ತಂಗಿ, ಫೋನ್ ಮಾಡಬಾರದಾ? ಬೇಳೆ ಏನಾಯ್ತು?

ಅಡ್ಮಿನ್ (ಮೂಲೆ ಮನೆ): ನಾನು ಹೋದ ವರ್ಷವೇ ಹೇಳಿದ್ದೆ.

ಅಡ್ಮಿನ್: ಯಾರೂ ಕೇಳಲಿಲ್ಲ.

ಅಡ್ಮಿನ್: ಒಂದು ಸಂಸಾರ ಇರಬೇಕಾದ ಮನೆಯಲ್ಲಿ ಮೂವತ್ತು ಹುಡುಗರನ್ನು ತುಂಬಿದರೆ ಪೈಪ್ ಏನು ಮಾಡುತ್ತೆ? ಹಾಸ್ಟೆಲ್‌ನವರೇ, ಉತ್ತರ ಕೊಡಿ.

ಮನೆ 6 (ಹಾಸ್ಟೆಲ್): ಮೂವತ್ತಲ್ಲ ರೀ, ಇಪ್ಪತ್ತೆರಡು. ಕೋಚಿಂಗಿಗೆ ಬಂದ ಮಕ್ಕಳು. ಸ್ನಾನ ಮಾಡಬೇಡಿ ಅನ್ನಲಾ?

ಮನೆ 9: ಸ್ನಾನ ಮಾಡಲಿ. ಆ ಶಾಂಪೂ ಪುಡಿಕೆ ಎಲ್ಲ ಯಾಕೆ ಒಳಗೆ ಬಿಡ್ತಾರೆ? ಹಿಂದಿನ ಸಲ ಮಷಿನ್‌ನವರು ಒಂದು ಬಕೆಟ್ ತುಂಬ ತೆಗೆದರು. ನಾನೇ ನಿಂತು ನೋಡಿದ್ದೇನೆ.

ಮನೆ 6 (ಹಾಸ್ಟೆಲ್): ಪ್ಯಾಡೂ ಬಂದಿದ್ದವು ವೈನಿ. ನಮ್ಮಲ್ಲಿರೋದು ಬರೀ ಹುಡುಗರು.

ಮನೆ 3: 🌺 ಶುಭ ಶ್ರಾವಣ ಸೋಮವಾರ 🌺 ಶಿವನ ಕೃಪೆ ಸದಾ ಇರಲಿ. ಹತ್ತು ಜನರಿಗೆ ಕಳಿಸಿ.

ಇಂಜಿನಿಯರ್ ಸರ್ (ಮನೆ 2): ಹುಡುಗರು ಬೇಸಿಗೆಯಲ್ಲೂ ಇದ್ದರು. ಆಗ ಉಕ್ಕಲಿಲ್ಲ. ಮಳೆ ಹೊಡೆದ ರಾತ್ರಿಯೇ ಯಾಕೆ? ಯುಜಿಡಿ ಪೈಪಿಗೆ, ಅಂದರೆ ನೆಲದಡಿಯ ಒಳಚರಂಡಿಗೆ, ಮೋಟರ್ ಇಲ್ಲ, ಇಳಿಜಾರಿಗೆ ತಾನಾಗಿ ಹರಿಯಬೇಕು. ಸಂಡಾಸು, ಬಚ್ಚಲು, ಅಡುಗೆಮನೆ ಇಷ್ಟರ ಲೆಕ್ಕ ಹಾಕಿ ಹಾಕಿರುತ್ತಾರೆ. ಮಾಳಿಗೆ ನೀರು ಆ ಲೆಕ್ಕದಲ್ಲಿ ಇಲ್ಲ. ಸಾವಿರ ಚದರಡಿ ಮಾಳಿಗೆ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಹೆಚ್ಚುಕಡಿಮೆ 2,300 ಲೀಟರ್. ಅದನ್ನು ಚೇಂಬರಿಗೆ ಬಿಟ್ಟರೆ ಓಣಿಯಲ್ಲಿ ಯಾರ ಮನೆ ತಗ್ಗಿನಲ್ಲಿದೆಯೋ ಅವರ ಬಚ್ಚಲಲ್ಲಿ ಏಳುತ್ತೆ. ಅದು 14.

ಮನೆ 9: ಅಡ್ಮಿನ್ ಸರ್, ನಿಮ್ಮ ಮಾಳಿಗೆ ಪೈಪ್ ಎಲ್ಲಿಗೆ ಇಳಿದಿದೆ?

ಅಡ್ಮಿನ್: ಗ್ರೂಪಿನಲ್ಲಿ ವೈಯಕ್ತಿಕ ವಿಷಯ ಬೇಡ.

ಮನೆ 9: 😂

ಅಡ್ಮಿನ್: ಎಲ್ಲರದೂ ಹಾಗೇ ಇದೆ. ನಮ್ಮದೊಂದೇ ಕಾಣುತ್ತಾ?

ಕಿರಾಣಿ ಕಾಕಾ: ಜಗಳ ಬಿಡಿ. ಹಿಂದೆ ಬಂದಿದ್ದ ಹುಡುಗ ಇದ್ದಾನೆ. ಐನೂರು ಕೊಟ್ಟರೆ ಚೇಂಬರಿಗೆ ಇಳಿತಾನೆ. ಹನ್ನೊಂದಕ್ಕೆ ಕರೆಸಲಾ?

ಸಿಸ್ಟರ್ (ಮನೆ 12): ಕಾಕಾ, ಬೇಡವೇ ಬೇಡ. ಕೊಳೆತ ಮೊಟ್ಟೆ ವಾಸನೆ ಬರುತ್ತಲ್ಲ, ಆ ಗ್ಯಾಸ್ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ಗೊತ್ತಾಗಲ್ಲ. ಏನೂ ಇಲ್ಲ ಅಂದುಕೊಂಡು ಇಳಿತಾರೆ, ಎರಡು ಉಸಿರಿಗೆ ಬೀಳ್ತಾರೆ. ಎತ್ತೋಕೆ ಇಳಿದವರೂ ಅಲ್ಲೇ. 2013ರ ಕಾನೂನು ಪ್ರಕಾರ ಇಳಿಸಿದವರಿಗೆ 2 ವರ್ಷದ ತನಕ ಜೈಲು ಆಗಬಹುದು. ಸತ್ತರೆ ಮನೆಯವರಿಗೆ 30 ಲಕ್ಷ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಹುಡುಗನ ಹೆಸರಾದರೂ ನಮಗೆ ಗೊತ್ತಾ?

ಕಿರಾಣಿ ಕಾಕಾ: ಇಲ್ಲಮ್ಮ. ಆಯ್ತು, ಕರೆಸಲ್ಲ.

ಇಂಜಿನಿಯರ್ ಸರ್: ರಭಸವಾಗಿ ನೀರು ಹೊಡೆದು ಪೈಪ್ ಬಿಡಿಸುವ ಜೆಟ್ಟಿಂಗ್ ಮಷಿನ್ನೇ ಬರಬೇಕು. ಆದರೆ ನಡುವಿನ ಚೇಂಬರ್ ಸಿಗಬೇಕಲ್ಲ? ಸಿಸಿ ರೋಡ್ ಹಾಕಿದವರು ಮುಚ್ಚಳದ ಮೇಲೇ ಕಾಂಕ್ರೀಟ್ ಸುರಿದು ಹೋದರು.

ಮೇಷ್ಟ್ರು (ಮನೆ 11): ತಡೀರಿ. ಮಗಳ ಮದುವೆ ಆಲ್ಬಮ್ ತೆಗೆದೆ. ರೋಡ್ ಆಗುವ ಮುಂಚಿನದು. ಬೀಗರು ನಿಂತಿದ್ದಾರಲ್ಲ, ಅವರ ಚಪ್ಪಲಿ ಪಕ್ಕದಲ್ಲಿ ಮುಚ್ಚಳ ಕಾಣುತ್ತೆ. ಅರ್ಧ ಒಡೆದಿತ್ತು ಅಂತ ಮೇಲೊಂದು ಶಹಾಬಾದ್ ಪರಸಿ ಹಾಕಿದ್ದೆವು. ಬೇವಿನ ಮರದಿಂದ ಮೂರು ಹೆಜ್ಜೆ, ನಮ್ಮ ಗೇಟಿನ ಕಡೆ.

ಮನೆ 14: ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ.

ಮನೆ 3: ಫಾರ್ವರ್ಡ್: ಸಿಂಗಪುರದಲ್ಲಿ ಬಳಸಿದ ನೀರನ್ನೇ ಮತ್ತೆ ಶುದ್ಧ ಮಾಡಿ ಜನಕ್ಕೆ ಕೊಡುತ್ತಾರೆ! ನಮ್ಮ ದೇಶ ಯಾವಾಗ??

ಮನೆ 9: ನಮ್ಮಲ್ಲೂ ಶುರುವಾಗಿದೆ. ಶುದ್ಧ ಮಾಡದೇ ಸೀದಾ 14ಕ್ಕೆ ಕೊಡ್ತಾರೆ.

ಇಂಜಿನಿಯರ್ ಸರ್: ನಗಬೇಡಿ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡ್ತಿದ್ದಾರೆ. ಇನ್ನೊಂದು ಹಂತ ಬೇಕು ಅನ್ನುವ ತಕರಾರು ಇದ್ದೇ ಇದೆ, ಅದೂ ಸರಿ. ನಾವು ಭೀಮೆಯಿಂದ, ಬೆಣ್ಣೆತೊರೆಯಿಂದ ನೀರು ಎಳೆದು ತಂದು ಒಂದೇ ಸಲ ಬಳಸಿ ಬಿಡ್ತೀವಿ. ಶುದ್ಧ ಮಾಡೋದು ಬ್ಯಾಕ್ಟೀರಿಯಾ. ಮಾಳಿಗೆ ನೀರು ಒಮ್ಮೆಲೇ ನುಗ್ಗಿದರೆ ಅವು ಕೊಚ್ಚಿಕೊಂಡು ಹೋಗುತ್ತವೆ. ಅದಕ್ಕೇ ಆ ಪೈಪ್ ವಿಷಯ ಮತ್ತೆ ಮತ್ತೆ ಹೇಳ್ತಿರೋದು.

ಮನೆ 3: ನಮ್ಮ ಅವ್ವ ಬಚ್ಚಲ ನೀರು ಬಾಳೆಗಿಡಕ್ಕೇ ಬಿಡ್ತಿದ್ದಳು. ಗೊನೆ ಏನು ದಪ್ಪ ಅಂತೀರಿ.

ಸಿಸ್ಟರ್: ಹಾಗಾದರೆ ಭಾನುವಾರ ಹತ್ತಕ್ಕೆ ಬೇವಿನ ಮರದ ಹತ್ತಿರ ಸೇರೋಣ. ಗುರುತು ಹಾಕಿ ಫೋಟೋ ತೆಗೆದು, ಅರ್ಜಿ ಜೊತೆ ಕೊಡೋಣ. ಮಾಳಿಗೆ ಪೈಪ್ ಯಾರ್ಯಾರದು ಒಳಗಿದೆ, ಅವರವರೇ ಬರೆಯಲಿ.

ಅಡ್ಮಿನ್: ಅರ್ಜಿ ನಾನು ಬರೆದು ಇಟ್ಟಿದ್ದೇನೆ. ಸಂಘದ ಲೆಟರ್‌ಹೆಡ್ ಮೇಲೆ, ಅಧ್ಯಕ್ಷರ ಸಹಿ ಜೊತೆ.

ಮನೆ 9: ಯಾವ ಸಂಘ? ಅಧ್ಯಕ್ಷರು ಯಾರು?

(ಇಲ್ಲಿಂದ 61 ಮೆಸೇಜ್ ಅಧ್ಯಕ್ಷರ ಬಗ್ಗೆ.)

ಶನಿವಾರ, ಸಂಜೆ 7:20

ಅಡ್ಮಿನ್: ನಾಳೆ ಹತ್ತು ಗಂಟೆ ಸಭೆಯಲ್ಲಿ ಮೊದಲು ಗಣಪತಿ ಪಟ್ಟಿ ಮುಗಿಸೋಣ. ದಿನ ಹತ್ತಿರ ಬಂತು. ಮನೆಗೆ 501. ಪೆಂಡಾಲ್ ಎಂದಿನಂತೆ ಬೇವಿನ ಮರದ ಕೆಳಗೆ.

ಮೇಷ್ಟ್ರು: ಚೇಂಬರ್ ಅಲ್ಲೇ ಇರೋದು ಸರ್.

ಅಡ್ಮಿನ್: ಹಬ್ಬ ಆದ ಮೇಲೆ ನೋಡೋಣ ಮೇಷ್ಟ್ರೇ. ಈಗ ರೋಡ್ ಅಗೆದರೆ ಗಣಪ್ಪನ್ನ ಎಲ್ಲಿ ಕೂರಿಸೋದು?

ಮನೆ 6 (ಹಾಸ್ಟೆಲ್): ನಮ್ಮದು 1001 ಬರೆದುಕೊಳ್ಳಿ. ಪೆಂಡಾಲ್ ಕಟ್ಟೋಕೆ ಹುಡುಗರನ್ನೂ ಕಳಿಸ್ತೀನಿ.

ಅಡ್ಮಿನ್: 🙏🙏 ಹಾಸ್ಟೆಲ್‌ನವರ ಮನಸ್ಸು ದೊಡ್ಡದು.

ಮನೆ 9: ಸೌಂಡ್ ಮಾತ್ರ ಹೋದ ವರ್ಷದವರು ಬೇಡ.

ಮನೆ 3: ಈ ಸಲ ಮಣ್ಣಿನ ಗಣಪ್ಪನೇ ತರೋಣ ರೀ.

ಕಿರಾಣಿ ಕಾಕಾ: ತಂಗಿ, ಆ ಬೇಳೆ ಏನು ಮಾಡಿದೆ?

ಮನೆ 14: ಚೆಲ್ಲಿದೆ ಕಾಕಾ. ಐದು ಕೆಜಿ ಕಳಿಸಿ. ಡಬ್ಬಿ ಅಟ್ಟದ ಮೇಲೆ ಇಟ್ಟಿದ್ದೇನೆ.