ಶಾಲೆಯ ಹಳೆಯ ಕಂಪ್ಯೂಟರ್‌ಗಳಿಗೆ ಯಾವ ಹಗುರ ಲಿನಕ್ಸ್ ಸೂಕ್ತ?

ಶಾಲಾಗಣಕ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಯ ಗಣಕ ಕೊಠಡಿಯಲ್ಲಿರುವ ಯಂತ್ರಗಳಲ್ಲಿ ಹೆಚ್ಚಿನವು ನಾಲ್ಕನೇ ಜನರೇಷನ್ನಿನ ಕೋರ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್ ಮತ್ತು 500 ಜಿಬಿ ಹಾರ್ಡ್ ಡಿಸ್ಕ್ ಇರುವಂಥವು. ಕೆಲವು ಇನ್ನೂ ಹಳೆಯವು: ಕೋರ್ 2 ಡ್ಯುಯೊ, 2 ಜಿಬಿ ರ‍್ಯಾಮ್, 32 ಬಿಟ್ ವಿಂಡೋಸ್ 7. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಇಂಟೆಲ್‌ನಲ್ಲಾದರೆ ಎಂಟನೇ ಜನರೇಷನ್ ಅಥವಾ ಅದಕ್ಕಿಂತ ಹೊಸ ಪ್ರೊಸೆಸರನ್ನೂ ಕೇಳುವುದರಿಂದ ನಮಗೆ ಆ ದಾರಿಯಿಲ್ಲ.

ಮಕ್ಕಳಿಗೆ ಬೇಕಿರುವುದು ಬ್ರೌಸರ್, ಲಿಬ್ರೆಆಫೀಸ್ ಮತ್ತು ಗಣಿತ ಕಲಿಕೆಯ ಜಿಯೋಜೀಬ್ರಾ. ಶಿಕ್ಷಕರಿಗೆ ಪ್ರಶ್ನೆಪತ್ರಿಕೆ ಸಿದ್ಧಪಡಿಸಲು ಕನ್ನಡ ಟೈಪಿಂಗ್ ಬೇಕೇಬೇಕು. ಎಲ್ಲರಿಗೂ ನುಡಿ ತಂತ್ರಾಂಶದ ಕೀಲಿಮಣೆ ಕೈಗೆ ಕೂತುಬಿಟ್ಟಿದೆ. ಲುಬುಂಟು, ಮಿಂಟ್ ಎಕ್ಸ್‌ಎಫ್‌ಸಿಇ, ಡೆಬಿಯನ್, ಪಪ್ಪಿ ಎಂಬ ಡಿಸ್ಟ್ರೋಗಳ (ಲಿನಕ್ಸಿನ ಬೇರೆಬೇರೆ ಸಿದ್ಧರೂಪಗಳ) ಹೆಸರುಗಳನ್ನು ಕೇಳಿದ್ದೇನೆ. ಇವುಗಳಲ್ಲಿ ಯಾವುದನ್ನು ಯಾವ ಕಾರಣಕ್ಕೆ ಆರಿಸಬೇಕೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಬಯಲುಸೀಮೆ:

ಡಿಸ್ಟ್ರೋ ಯಾವುದು ಎಂಬ ಪ್ರಶ್ನೆಗಿಂತ ಮೊದಲು ಡಿಸ್ಕಿನ ಮಾತು ಬರಬೇಕು. ಹಾರ್ಡ್ ಡಿಸ್ಕಿನಲ್ಲಿ ಲೋಹದ ತಟ್ಟೆ ಸುತ್ತಬೇಕು, ಓದುವ ಮುಳ್ಳು ಅಲ್ಲಿಂದಿಲ್ಲಿಗೆ ಸರಿಯಬೇಕು; ಹೀಗಾಗಿ ಚದುರಿದ ಸಣ್ಣ ಕಡತಗಳನ್ನು ಅದು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಓದಬಲ್ಲದು. ಸುತ್ತುವ ಭಾಗಗಳೇ ಇಲ್ಲದ ಸಾಧಾರಣ ಸಾಟಾ ಎಸ್‌ಎಸ್‌ಡಿ ಅದೇ ಕೆಲಸವನ್ನು ಹತ್ತಾರು ಸಾವಿರದ ಲೆಕ್ಕದಲ್ಲಿ ಮಾಡುತ್ತದೆ. ನಿಮ್ಮ ಐ3 ಯಂತ್ರಗಳು ನಿಧಾನವೆನಿಸಲು ಮುಖ್ಯ ಕಾರಣ ಇದೇ ಇರಬೇಕು. ಒಂದೊಂದಕ್ಕೂ 120 ಅಥವಾ 240 ಜಿಬಿಯ ಎಸ್‌ಎಸ್‌ಡಿ ಹಾಕಿಸಲು ಶಾಲಾಭಿವೃದ್ಧಿ ಸಮಿತಿಯವರು ಒಪ್ಪಿದರೆ, ಯಾವ ಹಗುರ ಡಿಸ್ಟ್ರೋ ಕೂಡ ಕೊಡಲಾರದಷ್ಟು ವ್ಯತ್ಯಾಸ ಕಾಣುತ್ತದೆ.

ಆ ಯಂತ್ರಗಳಿಗೆ ನನ್ನ ಆಯ್ಕೆ ಲಿನಕ್ಸ್ ಮಿಂಟ್ 22ರ ಹಗುರ ಡೆಸ್ಕ್‌ಟಾಪಿನ, ಅಂದರೆ ಎಕ್ಸ್‌ಎಫ್‌ಸಿಇ ಆವೃತ್ತಿ. ಅದು ಉಬುಂಟು 24.04ರ ಮೇಲೆ ನಿಂತಿದ್ದು, 2029ರವರೆಗೆ ಭದ್ರತಾ ಪರಿಷ್ಕರಣೆಗಳು ಬರುತ್ತವೆ, ಲುಬುಂಟು 24.04ಕ್ಕೆ ಇರುವುದು ಮೂರೇ ವರ್ಷಗಳ ಬೆಂಬಲ. ಕೊಠಡಿಯ ಎಲ್ಲ ಯಂತ್ರಗಳನ್ನು ಒಬ್ಬರೇ ನೋಡಿಕೊಳ್ಳುವ ಶಾಲೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಲುಬುಂಟುವಿನಲ್ಲಿ ಫೈರ್‌ಫಾಕ್ಸ್ ಬರುವುದು ಸ್ನ್ಯಾಪ್ ರೂಪದಲ್ಲಿ, ಅಂದರೆ ತನಗೆ ಬೇಕಾದುದನ್ನೆಲ್ಲ ಒಳಗೊಂಡ ದೊಡ್ಡ ಪೊಟ್ಟಣವಾಗಿ. ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಅದು ಮೊದಲ ಬಾರಿ ತೆರೆದುಕೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. ಮಿಂಟ್‌ನಲ್ಲಿ ಸಾಮಾನ್ಯ ಡೆಬ್ ಪ್ಯಾಕೇಜೇ ಬರುತ್ತದೆ. ಎಕ್ಸ್‌ಎಫ್‌ಸಿಇಯ ಮೆನು, ಕೆಳಗಿನ ಪಟ್ಟಿ, ಕಿಟಕಿಗಳ ಗುಂಡಿ ಎಲ್ಲವೂ ವಿಂಡೋಸ್ ಬಳಸಿದವರಿಗೆ ಪರಿಚಿತವಾಗಿಯೇ ಕಾಣುವುದರಿಂದ ಶಿಕ್ಷಕರು ಹಿಂಜರಿಯಬೇಕಾಗಿಲ್ಲ.

ಪಪ್ಪಿಯನ್ನು ಶಾಲೆಗೆ ನಾನು ಶಿಫಾರಸು ಮಾಡುವುದಿಲ್ಲ. ಅದು ಇಡಿಯಾಗಿ ರ‍್ಯಾಮಿಗೆ ಏರಿ ಚುರುಕಾಗಿ ನಡೆಯುತ್ತದೆ ನಿಜ, ಆದರೆ ಸಹಜ ಸ್ಥಿತಿಯಲ್ಲಿ ಬಳಕೆದಾರರಿಗೆ ಏನನ್ನು ಬೇಕಾದರೂ ಬದಲಿಸಬಲ್ಲ ರೂಟ್ ಅಧಿಕಾರವನ್ನೇ ಕೊಟ್ಟುಬಿಡುತ್ತದೆ. ಹತ್ತಾರು ಮಕ್ಕಳ ಕೈ ಸೋಕುವ ಯಂತ್ರಕ್ಕೆ ಅದು ತಕ್ಕುದಲ್ಲ.

ತುಂಗಾತೀರ:

ಐ3 ಯಂತ್ರಗಳ ಬಗ್ಗೆ ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆದರೆ 2 ಜಿಬಿಯ ಯಂತ್ರಗಳಿಗೆ ಮಿಂಟ್ ಭಾರವಾಗುತ್ತದೆ.

ಮೊದಲು ಒಂದು ಸಂಗತಿ: ಅವುಗಳಲ್ಲಿ 32 ಬಿಟ್ ವಿಂಡೋಸ್ ಇದೆಯೆಂದ ಮಾತ್ರಕ್ಕೆ ಪ್ರೊಸೆಸರ್ 32 ಬಿಟ್‌ನದೆಂದು ತಿಳಿಯಬೇಡಿ. ಕೋರ್ 2 ಡ್ಯುಯೊ ಪ್ರೊಸೆಸರ್‌ಗಳೆಲ್ಲವೂ 64 ಬಿಟ್‌ನವೇ. ರ‍್ಯಾಮ್ ಕಡಿಮೆಯಿದ್ದುದರಿಂದ ಅಂದು 32 ಬಿಟ್ ವಿಂಡೋಸ್ ಹಾಕಿರುತ್ತಾರೆ, ಅಷ್ಟೆ. ಇದು ಮುಖ್ಯ, ಏಕೆಂದರೆ 32 ಬಿಟ್‌ನ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ, ಕರ್ನಲ್ (ವ್ಯವಸ್ಥೆಯ ತಿರುಳು) ಕೂಡ ಇಲ್ಲ. ಲಿನಕ್ಸಿನ 32 ಬಿಟ್ ಕ್ರೋಮ್ 2016ರಲ್ಲೇ ನಿಂತಿತು, ಫೈರ್‌ಫಾಕ್ಸ್ 144ನೇ ಆವೃತ್ತಿಗೆ ನಿಲ್ಲಿಸಿತು. ನಿಜಕ್ಕೂ 32 ಬಿಟ್‌ನದೇ ಆದ ಹಳೆಯ ಆಟಂ ನೆಟ್‌ಬುಕ್ ಇದ್ದರೆ ಡೆಬಿಯನ್ 12ನ್ನು ಆಧರಿಸಿದ ಆಂಟಿಎಕ್ಸ್ 23 ಹಾಕಿ, ಟೈಪಿಂಗ್ ಅಭ್ಯಾಸಕ್ಕೆ ಮೀಸಲಿಡಬಹುದು.

2 ಜಿಬಿಯ ಕೋರ್ 2 ಡ್ಯುಯೊಗಳಿಗೆ ಡೆಬಿಯನ್ 13 ಹಾಕಿ, ಸ್ಥಾಪಿಸುವಾಗಲೇ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪನ್ನು ಆರಿಸಿಕೊಳ್ಳಿ. ಆದರೂ ಒಂದು ಮಾತು ನೆನಪಿರಲಿ: ಈ ಡೆಸ್ಕ್‌ಟಾಪ್‌ಗಳ ನಡುವಿನ ಅಂತರ ಕೆಲವು ನೂರು ಎಂಬಿಗಳಷ್ಟು ಮಾತ್ರ, ಅದನ್ನು ಬ್ರೌಸರಿನ ನಾಲ್ಕಾರು ಟ್ಯಾಬ್‌ಗಳು ನುಂಗಿಹಾಕುತ್ತವೆ. ಆದ್ದರಿಂದ ಝಡ್‌ರ‍್ಯಾಮ್ ಅನ್ನು ಸಕ್ರಿಯಗೊಳಿಸುವುದನ್ನು ಮರೆಯಬೇಡಿ. ರ‍್ಯಾಮ್ ತುಂಬಿದಾಗ ಕಡಿಮೆ ಬಳಕೆಯ ಮಾಹಿತಿಯನ್ನು ಡಿಸ್ಕಿಗೆ ತಳ್ಳುವ ಬದಲು ರ‍್ಯಾಮಿನೊಳಗೇ ಅದುಮಿಡುವ ಕರ್ನಲ್‌ನ ಸೌಲಭ್ಯವಿದು. ಡೆಬಿಯನ್‌ನಲ್ಲಿ ಝಡ್‌ರ‍್ಯಾಮ್-ಟೂಲ್ಸ್ ಎಂಬ ಪ್ಯಾಕೇಜ್ ಹಾಕಿದರೆ ಸಾಕು. ಹಾರ್ಡ್ ಡಿಸ್ಕಿನ ಯಂತ್ರ ಎರಡನೇ ಟ್ಯಾಬ್ ತೆರೆದೊಡನೆ ಕಲ್ಲಾಗಿ ನಿಲ್ಲುವುದು ಇದರಿಂದ ಬಹುಮಟ್ಟಿಗೆ ತಪ್ಪುತ್ತದೆ.

ಶಾಲಾಗಣಕ:

ಇಬ್ಬರಿಗೂ ಧನ್ಯವಾದಗಳು. ಎಸ್‌ಎಸ್‌ಡಿಯ ವಿಷಯವನ್ನು ಸಮಿತಿಯ ಮುಂದಿಡುತ್ತೇನೆ. ನುಡಿಯ ಕೀಲಿಮಣೆ ಮತ್ತು ನುಡಿಯಲ್ಲಿರುವ ಹಳೆಯ ಪ್ರಶ್ನೆಪತ್ರಿಕೆಗಳ ಗತಿಯೇನು?

ಅಕ್ಷರಪ್ರೇಮಿ:

ಕೀಲಿಮಣೆಯ ಬಗ್ಗೆ ಚಿಂತೆ ಬೇಡ. ನುಡಿಯಲ್ಲಿರುವ ಕನ್ನಡ ಗಣಕ ಪರಿಷತ್ತಿನ ಕಗಪ (ಕೆಜಿಪಿ) ವಿನ್ಯಾಸ ಲಿನಕ್ಸಿನಲ್ಲಿ ಎರಡು ರೀತಿಯಲ್ಲಿ ಸಿಗುತ್ತದೆ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಸಿದ್ಧವಾಗಿ ಸಿಗುವುದು ಹಗುರವಾದದ್ದು, ಆದರೆ ಅದು ಒಂದು ಒತ್ತಿಗೆ ಒಂದೇ ಅಕ್ಷರವನ್ನು ಕೊಡುತ್ತದೆ. ವ್ಯಂಜನದ ಮುಂದೆ ಸ್ವರ ಬಂದರೆ ಅದನ್ನು ತಾನಾಗಿ ಗುಣಿತ ಚಿಹ್ನೆಯಾಗಿಸುವ ತಿಳಿವಳಿಕೆ ಅದಕ್ಕಿಲ್ಲ. ನುಡಿ ರೂಢಿಯಾದವರಿಗೆ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಜೊತೆ ಎಂ17ಎನ್ ಎಂಬ ಕೀಲಿಮಣೆ ಸಂಗ್ರಹ ಸೇರಿಸಿ, ಅದರಲ್ಲಿರುವ ಕನ್ನಡ ಕೆಜಿಪಿಯನ್ನು ಆರಿಸಿಕೊಡುವುದೇ ಲೇಸು. ಬಳಿಕ ಇನ್‌ಪುಟ್ ವಿಧಾನವಾಗಿ ಐಬಸ್ ಅನ್ನೇ ನಿಗದಿಪಡಿಸಿ, ಒಮ್ಮೆ ಲಾಗ್ಔಟ್ ಆಗಿ ಬನ್ನಿ. ಈ ಹಂತ ಬಿಟ್ಟುಹೋದರೆ ಕೆಲವು ಅನ್ವಯಗಳಲ್ಲಿ ಕನ್ನಡ ಮೂಡಿ, ಕೆಲವದರಲ್ಲಿ ಮೂಡದೆ ಗೊಂದಲವಾಗುತ್ತದೆ. ಅಕ್ಷರಶೈಲಿಗಳಿಗೆ ಲೋಹಿತ್, ಗುಬ್ಬಿ, ನವಿಲು ಮೂರನ್ನೂ ಡೆಬಿಯನ್‌ನ ಭಂಡಾರದಿಂದಲೇ ಪಡೆಯಬಹುದು.

ಹಳೆಯ ಕಡತಗಳ ವಿಷಯದಲ್ಲಿ ಮಾತ್ರ ಅವಸರ ಮಾಡಬೇಡಿ. ನುಡಿಯ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಬರೆದ ಕಡತದೊಳಗೆ ಇರುವುದು ಯೂನಿಕೋಡ್ (ಎಲ್ಲೆಡೆ ಒಂದೇ ಆಗಿರುವ ಅಕ್ಷರ ಸಂಕೇತ) ಕನ್ನಡವಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಫಾಂಟನ್ನು ಲಿನಕ್ಸಿಗೂ ತಂದು ಹಾಕಿದರೆ ಓದಲು ಬಂದೀತು, ಆದರೆ ಕನ್ನಡ ಪದವನ್ನು ಹುಡುಕಲು, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ. ನುಡಿ ತಂತ್ರಾಂಶದಲ್ಲೇ ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸುವ ಸೌಲಭ್ಯವಿದೆ. ಎಲ್ಲ ಯಂತ್ರಗಳ ಕಡತಗಳನ್ನೂ ವಿಂಡೋಸ್ ಇರುವಾಗಲೇ ಒಂದೆಡೆ ಕೂಡಿಹಾಕಿ, ಪರಿವರ್ತಿಸಿ, ಒತ್ತಕ್ಷರಗಳು ಸರಿಯಾಗಿವೆಯೇ ಎಂದು ಕನ್ನಡ ಶಿಕ್ಷಕರಿಂದ ಓದಿಸಿ ನೋಡಿ. ಡಿಸ್ಕನ್ನು ಅಳಿಸುವುದು ಅದಾದ ಮೇಲೆ. ಪ್ರಿಂಟರ್ ಮತ್ತು ವೈಫೈಗಳನ್ನು ಅದಕ್ಕೂ ಮುಂಚೆಯೇ ಲಿನಕ್ಸನ್ನು ನೇರವಾಗಿ ನಡೆಸುವ ಲೈವ್ ಪೆನ್‌ಡ್ರೈವ್‌ನಿಂದ ಪರೀಕ್ಷಿಸಿಕೊಳ್ಳಬಹುದು. ಅದಕ್ಕೆ ಏನನ್ನೂ ಸ್ಥಾಪಿಸಬೇಕಾಗಿಲ್ಲ.