ಸಮಸ್ಯೆ: ಒಡನುಡಿದುದು ಹರಿದ ತಂತಿ ತುಂಬಿದ ಸಭೆಯೊಳ್

ಗಂಗಾವಳಿ: ಈ ವಾರದ ಸಾಲು ಮೇಲಿದೆ. ಅದೇ ಕೊನೆಯ ಸಾಲಾಗುವಂತೆ ಮೇಲಿನ ಮೂರು ಸಾಲು ಕಟ್ಟಿ ಪೂರಣ ಮಾಡಿ, ಕಂದ ಛಂದಸ್ಸಿನಲ್ಲೇ ಬರಲಿ. ಹೋದ ಸಲದ ಜಗಳ ಇಲ್ಲಿಗೆ ಎಳೆದು ತರಬೇಡಿ.

ಕಾಳಿ (ಕಾರವಾರ): ಮೊದಲ ಪೂರಣ ನನ್ನದೇ ಇರಲಿ.

ಮಡಿಕೆಯ ಬಿಡಿಸುತ ತಂಗಿಯು
ಕಡಲಾಚೆಯ ಮಾವನಿತ್ತ ಹರಕೆಯನೋದಲ್
ಮಡದಿಯ ನಗುವಿನ ಕೂಡೆಯೆ
ಒಡನುಡಿದುದು ಹರಿದ ತಂತಿ ತುಂಬಿದ ಸಭೆಯೊಳ್

ಗಂಗಾವಳಿ: ಮದುವೆ ಮನೆಗೆ ಬಂದ ಟೆಲಿಗ್ರಾಂ! 2013ರಲ್ಲಿ ನಿಂತುಹೋದ ತಂತಿಯನ್ನು ಸಭೆಗೆ ಕರೆತಂದಿರಿ. ಚೆನ್ನಾಗಿದೆ. ಮುಂದಿನವರು?

ಶರಾವತಿ (ಹೊನ್ನಾವರ): ನಾನು ತಂಬೂರಿಯನ್ನೇ ಹಿಡಿದೆ. ಅದರ ಮೊದಲ ತಂತಿ ಪಂಚಮದ್ದು (ಪ). ಷಡ್ಜದ (ಸ) ತಂತಿ ಮೀಟಿದರೂ ಅದರೊಳಗಿಂದ ಪಂಚಮ ಏಳುತ್ತದೆ.

ಕಡಿಯಲು ಮೊದಲನೆ ತಂತಿಯು
ನಡುಗದೆ ಷಡ್ಜವನೆ ಮೀಟಲದರಿಂದೆದ್ದಾ
ಬೆಡಗಿನ ಪಂಚಮವಾಗಿಯೆ
ಒಡನುಡಿದುದು ಹರಿದ ತಂತಿ ತುಂಬಿದ ಸಭೆಯೊಳ್

ಅಘನಾಶಿನಿ (ಶಿರಸಿ): ಅಕ್ಕಾ, ಪದ್ಯ ನಡೆಯುತ್ತದೆ, ಅರ್ಥ ನಡೆಯುವುದಿಲ್ಲ. ಹರಿದ ತಂತಿ ನುಡಿಯಲೇ ಇಲ್ಲ, ನುಡಿದದ್ದು ಷಡ್ಜ. ಒಂದೇ ತಂತಿಗೆ ಒಡನುಡಿ ಎಲ್ಲಿಂದ ಬಂತು? ಒಡನುಡಿ ಅಂದರೆ ಇಬ್ಬರು ಒಟ್ಟಿಗೆ ಮಾತಾಡುವುದು, ಸಂವಾದ. ಕೂಡಿ ನುಡಿಸುವುದಕ್ಕೆ ನಮ್ಮಲ್ಲಿ ಮೇಳ ಅನ್ನುವ ಮಾತಿದೆ. ಇನ್ನು ‘ಮೊದಲನೆ’ಯಲ್ಲಿ ಯಕಾರ ನುಂಗಿದ್ದನ್ನು ಸುಮ್ನೆ ಬಿಡುತ್ತೇನೆ.

ಶರಾವತಿ: ಬಿಟ್ಟೆ ಅಂತ ಹೇಳಿಯೇ ಬಿಟ್ಟಿರಲ್ಲ ಭಾವ! ಸಂವಾದ ಬರೀ ಮಾತುಕತೆಯಲ್ಲ. ನಾಟ್ಯಶಾಸ್ತ್ರ ತೆಗೆದು ನೋಡಿ. ಶ್ರುತಿ ಅಂದರೆ ಅಲ್ಲಿ ಸ್ವರಗಳ ಅಂತರ ಅಳೆಯುವ ಸಣ್ಣ ಅಳತೆ. 9 ಅಥವಾ 13 ಶ್ರುತಿ ಅಂತರದ ಸ್ವರಗಳನ್ನು ಭರತ ಸಂವಾದಿ ಅನ್ನುತ್ತಾನೆ. ಷಡ್ಜಗ್ರಾಮ ಅನ್ನುವ ಹಳೆಯ ಸ್ವರಜೋಡಣೆಯಲ್ಲಿ ಸ-ಮ ನಡುವೆ 9, ಸ-ಪ ನಡುವೆ 13. ಇನ್ನೊಂದು ಜೋಡಣೆಯಾದ ಮಧ್ಯಮಗ್ರಾಮದಲ್ಲಿ ಪಂಚಮ ಒಂದೇ ಒಂದು ಶ್ರುತಿ ಇಳಿಯುತ್ತದೆ, ಅಷ್ಟಕ್ಕೇ ಷಡ್ಜದ ಜೊತೆಗಿನ ನಂಟು ಹೋಗಿ ರಿಷಭದ ಜೊತೆ ಸೇರುತ್ತದೆ. ಒಂದೇ ಹೊತ್ತಿಗೆ ಬಾಯಿ ಬಿಡಬೇಕು ಅಂತ ಅವನು ಎಲ್ಲಿ ಹೇಳಿದ? ಅಂತರ ಹೊಂದಬೇಕು, ಅಷ್ಟೇ. ಸಂ ಅಂದರೆ ಒಡ, ವಾದ ಅಂದರೆ ನುಡಿ. ಗಂಗಾವಳಿಯವರು ಕೊಟ್ಟ ಪದ ಸರಿಯಾಗಿಯೇ ಇದೆ.

ಕಾಳಿ: ಮೇಳ ಅಂದಿರಲ್ಲ, ಅದಕ್ಕೊಂದು ಮಾತು. ಮೇಳ ಅಂದರೆ ಗುಂಪೂ ಹೌದು, 1934ರ ಇಡಗುಂಜಿ ಯಕ್ಷಗಾನ ಮೇಳದ ಹಾಗೆ. ರಾಗಗಳನ್ನು ವಿಂಗಡಿಸುವ ವೆಂಕಟಮಖಿಯ 72 ಮೇಳವೂ ಹೌದು. ಯಕ್ಷಗಾನದಲ್ಲಿ ಹಾಡುವ ಭಾಗವತರು, ಮದ್ದಳೆ, ಚಂಡೆ ಸೇರಿದರೆ ಹಿಮ್ಮೇಳ. ಮೊದಲು ಪುಂಗಿ ಇತ್ತು, ಆಮೇಲೆ ಹಾರ್ಮೋನಿಯಂ ಬಂತು, ಆಧಾರ ಸ್ವರವಾಗಿ ಶ್ರುತಿ ಹಿಡಿಯುವ ಕೆಲಸ ಮಾತ್ರ ಅದೇ. ಆಟ ಶುರುವಾಗುವ ಮೊದಲು ಮದ್ದಳೆಯವರು ಅಂಚಿಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿ, ಬೆರಳಿಟ್ಟು ನುಡಿಸಿ, ಮತ್ತೆ ತಟ್ಟಿ ಕಿವಿಗೊಡುತ್ತಾರಲ್ಲ, ಆಗ ಅವರು ಹುಡುಕುವುದು ಈ ಒಡನುಡಿಯನ್ನೇ.

ಗಂಗಾವಳಿ: ಆಟದ ಕಡೆ ಹೋದರೆ ಬೆಳಗಾಗುತ್ತದೆ ಮಾರಾಯ್ರೇ. ಪದ್ಯಕ್ಕೆ ಬನ್ನಿ.

ಅಘನಾಶಿನಿ: ಬಂದೆ. ಹರಿದದ್ದು ಮಂದ್ರ, ಅಂದರೆ ಕೆಳಗಿನ ಸ್ಥಾಯಿಯ ಪಂಚಮ. ಮಂದ್ರ ಷಡ್ಜದ ತಂತಿಯಿಂದ ಏಳುವುದು ಅದರ ಮೇಲಿನ ಮಧ್ಯ ಸ್ಥಾಯಿಯ ಪಂಚಮ. ಹಾಗಾದರೆ ಅದೇ ತಂತಿ ಅಂತ ಹೇಗೆ ಹೇಳುತ್ತೀರಿ?

ಶರಾವತಿ: ಸ್ಥಾಯಿ ಬದಲಾದರೆ ಸ್ವರದ ಹೆಸರು ಬದಲಾಗುತ್ತದಾ? ಎರಡು ತಂಬೂರಿ ಒಂದೇ ಶ್ರುತಿಗೆ ಸೇರಿಸಿ ಎದುರೆದುರು ಇಡಿ. ಒಂದರ ತಂತಿಯ ಮೇಲೆ ಕಾಗದದ ಚೂರು ಮಡಿಸಿ ಕೂರಿಸಿ, ಇನ್ನೊಂದರಲ್ಲಿ ಅದೇ ತಂತಿ ಮೀಟಿ. ಯಾರೂ ಮುಟ್ಟದ ಕಡೆ ಕಾಗದ ನಡುಗಿ ಬೀಳುತ್ತದೆ. ಬೆರಳು ತಾಗದೆಯೂ ತಂತಿ ನುಡಿಯುತ್ತದೆ ಅಂದಮೇಲೆ, ಸಭೆಯ ಕಿವಿಗೆ ಪಂಚಮ ಬಿದ್ದರೆ ಪಂಚಮದ ತಂತಿ ನುಡಿಯಿತು ಅನ್ನುವುದರಲ್ಲಿ ತಪ್ಪೇನು? ಕವಿಗೆ ಅಷ್ಟು ಸಲುಗೆ ಇರಬೇಕು, ಅಲ್ವಾ?

ಅಘನಾಶಿನಿ: ಕಾಗದದ ಮಾತು ಒಪ್ಪಿದೆ. ಆದರೆ ಆ ತಂತಿ ಕಡಿದಿರಲಿಲ್ಲ! ಒಂದು ತಿದ್ದುಪಡಿ ಕೊಡುತ್ತೇನೆ. ಮೊದಲ ಸಾಲು ‘ಕಡಿಯಲು ಪಂಚಮ ತಂತಿಯು’, ಮೂರನೆಯದು ‘ಬೆಡಗಿನ ಮಾರ್ದನಿಯಾಗಿಯೆ’. ನಿಮ್ಮ ‘ಮೊದಲನೆ’ಯೂ ಹೋಯಿತು.

ಶರಾವತಿ: ಮೊದಲ ಸಾಲು ತೆಗೆದುಕೊಂಡೆ, ಅದು ಚೊಕ್ಕವಾಗಿದೆ. ಮೂರನೆಯದು ಬೇಡ. ಮಾರ್ದನಿ ಹಿಂದಿನಿಂದ ಬರುವ ದನಿ. ಒಡನುಡಿ ಜೊತೆಗೇ ಬರುತ್ತದೆ. ಆ ಒಂದು ಪದಕ್ಕಾಗಿಯೇ ಪದ್ಯ ಕಟ್ಟಿದ್ದು ನಾನು.

ಗಂಗಾವಳಿ: ಪಂಚಮ ಎರಡು ಸಲ ಬಂದರೂ ಅಡ್ಡಿಯಿಲ್ಲ, ಅಕ್ಕನ ಮೂರನೆಯ ಸಾಲೇ ಇರಲಿ. ಅಘನಾಶಿನಿ ಭಾವ, ನಿಮ್ಮ ಸ್ವಂತ ಪೂರಣ ಇನ್ನೂ ಬಂದಿಲ್ಲ.

ಅಘನಾಶಿನಿ: ರಾತ್ರಿ ಹಾಕುತ್ತೇನೆ. ಪಂಚಮ ಇಲ್ಲದೆ.