ಬ್ಲೂಟೂತ್ ಟ್ಯಾಗ್ ನಿಜಕ್ಕೂ ಎಷ್ಟು ದೂರ ಸಿಗುತ್ತದೆ? ಮನೆ, ಗಂಜ್, ಹೊಲದ ಅನುಭವ ಹೇಳಿ

ಪ್ರಶ್ನೆ: ಕಲಬುರಗಿ, ಬ್ರಹ್ಮಪುರದಿಂದ

ನಮಸ್ಕಾರ ರೀ ಎಲ್ಲರಿಗೂ. ಬ್ಲೂಟೂತ್ ಟ್ಯಾಗ್, ಅಂದರೆ ವಸ್ತುಗಳಿಗೆ ಸಿಕ್ಕಿಸಿ ಫೋನಿನಿಂದ ಹುಡುಕುವ ಪುಟ್ಟ ಸಾಧನ, ತೆಗೆದುಕೊಳ್ಳಬೇಕು ಅಂತಿದ್ದೇನೆ. ಬಳಸಿದವರು ದಯವಿಟ್ಟು ಹೇಳಿ. ಅವ್ವ ದಿನಾ ಕೀಲಿಕೈ ಎಲ್ಲೋ ಇಟ್ಟು ಮರೆಯುತ್ತಾಳೆ. ತಮ್ಮನ ಬೈಕು ಇಡೀ ದಿನ ಗಂಜ್ ಮಾರುಕಟ್ಟೆಯಲ್ಲಿ ಹೊರಗೇ ನಿಂತಿರುತ್ತದೆ. ಇವೆರಡಕ್ಕಿಂತ ದೊಡ್ಡ ಚಿಂತೆ ಅಪ್ಪನದು. ವಯಸ್ಸು 74. ಈಚೆಗೆ ಮರೆವು ಜಾಸ್ತಿ ಆಗಿದೆ. ಎರಡು ಸಲ ಯಾರಿಗೂ ಹೇಳದೆ ಹೊರಟುಬಿಟ್ಟಿದ್ದರು. ಹಬ್ಬಕ್ಕೆ ಜೇವರ್ಗಿ ಕಡೆಯ ನಮ್ಮ ಹಳ್ಳಿಗೆ ಹೋದಾಗ ಇನ್ನೂ ಭಯ, ಸುತ್ತ ಬರೀ ತೊಗರಿ ಹೊಲ. ಡಬ್ಬಿಯ ಮೇಲೆ 120 ಮೀಟರ್ ಅಂತ ಇದೆ. ಅಂಗಡಿಯವರು ‘ಎಲ್ಲಿದ್ದರೂ ತೋರಿಸುತ್ತದೆ’ ಅನ್ನುತ್ತಾರೆ. ಯಾವುದು ನಿಜ?

ಕಲಬುರಗಿ, ಗಂಜ್‌ನಲ್ಲಿ ಲೆಕ್ಕ ಬರೆಯುವವನು

ಅಕ್ಕಾ, ಎರಡು ವರ್ಷದಿಂದ ಮೂರು ಟ್ಯಾಗ್ ಬಳಸುತ್ತಿದ್ದೇನೆ. ನೀವು ಕೇಳಿದ ಎರಡೂ ಮಾತು ಅರ್ಧರ್ಧ ನಿಜ. ಅವು ಬೇರೆ ಬೇರೆ ಸಂಗತಿ, ಅಂಗಡಿಯಲ್ಲಿ ಒಟ್ಟಿಗೆ ಸೇರಿಸಿ ಹೇಳುತ್ತಾರೆ ಅಷ್ಟೆ.

120 ಮೀಟರ್ ಅನ್ನುವುದು ನಿಮ್ಮ ಫೋನು ಮತ್ತು ಟ್ಯಾಗ್ ನೇರವಾಗಿ ಒಂದನ್ನೊಂದು ಕೇಳಿಸಿಕೊಳ್ಳುವ ದೂರ. ಅದೂ ನಡುವೆ ಏನೂ ಅಡ್ಡ ಇಲ್ಲದ ಬಯಲಿನಲ್ಲಿ. ಸ್ಯಾಮ್‌ಸಂಗ್ ತನ್ನ ಸ್ಮಾರ್ಟ್‌ಟ್ಯಾಗ್ 2ಕ್ಕೆ ಇದೇ 120 ಮೀಟರ್ ಹೇಳುತ್ತದೆ. ನಾನು ಒಂದು ಭಾನುವಾರ ಬೆಳಗ್ಗೆ ಎನ್.ವಿ. ಮೈದಾನದಲ್ಲಿ ಟ್ಯಾಗನ್ನು ಕಲ್ಲಿನ ಮೇಲಿಟ್ಟು ನಡೆದು ನೋಡಿದೆ. ಐವತ್ತು ಹೆಜ್ಜೆ ದಾಟಿದ ಮೇಲೆ ಸಂಪರ್ಕ ಬಿಟ್ಟು ಬಿಟ್ಟು ಬರತೊಡಗಿತು. ಆಮೇಲೆ ಮಗ ಅದೇ ಟ್ಯಾಗನ್ನು ಎದೆ ಜೇಬಿನಲ್ಲಿಟ್ಟುಕೊಂಡು ನನಗೆ ಬೆನ್ನು ಮಾಡಿ ನಿಂತ. ಇಪ್ಪತ್ತು ಹೆಜ್ಜೆಗೇ ಹೋಯಿತು! ಬ್ಲೂಟೂತ್ ನಡೆಯುವುದು 2.4 ಗಿಗಾಹರ್ಟ್ಸ್‌ನಲ್ಲಿ. ಆ ಅಲೆಯನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ. ನಮ್ಮ ಮೈಯಲ್ಲಿ ಹೆಚ್ಚಿನ ಪಾಲು ನೀರೇ ಅಲ್ವಾ? ಮನುಷ್ಯನೇ ಒಂದು ಗೋಡೆ ಆಗಿಬಿಡುತ್ತಾನೆ.

ಇನ್ನು ನಿಜವಾದ ಗೋಡೆ. ನಮ್ಮದೂ ಹಳೇ ಮನೆ, ಒಂದೂವರೆ ಅಡಿ ದಪ್ಪದ ಕಲ್ಲು. ಪಡಸಾಲೆಯಲ್ಲಿ ನಿಂತರೆ ಅಡುಗೆಮನೆಯ ಟ್ಯಾಗ್ ಸಿಗುತ್ತದೆ, ನಡುವೆ ಒಂದೇ ಗೋಡೆ. ಹಿತ್ತಲಿನ ಬಚ್ಚಲಲ್ಲಿ ಇಟ್ಟರೆ ಸಿಗುವುದಿಲ್ಲ. ಅಣ್ಣನ ಹೊಸ ಮನೆಯಲ್ಲಿ ತೆಳು ಇಟ್ಟಿಗೆ ಗೋಡೆ, ಅಲ್ಲಿ ಕೆಳಗಿನಿಂದ ಮೇಲಿನ ಕೋಣೆಯದೂ ಸಿಗುತ್ತದೆ. ಕಬ್ಬಿಣ ಇನ್ನೂ ಕಷ್ಟ. ಅಲಮಾರಿ ಬಾಗಿಲು ಹಾಕಿದರೆ ಎದುರಿಗೆ ನಿಂತರೂ ಸಿಗ್ನಲ್ ಅರೆಜೀವ. ಒಮ್ಮೆ ಕೀಲಿಕೈ ಜೋಳದ ಹಿಟ್ಟಿನ ಸ್ಟೀಲ್ ಡಬ್ಬಿ ಹಿಂದೆ ಬಿದ್ದಿತ್ತು. ಆ್ಯಪ್‌ನಲ್ಲಿ ಸದ್ದು ಮಾಡಿಸುವ ಬಟನ್ ಒತ್ತಿದ್ದರಿಂದಲೇ ಸಿಕ್ಕಿತು. ಬೇಸಿಗೆಯಲ್ಲಿ ಕೂಲರ್ ಆರಿಸಿ ಹುಡುಕಿ, ಇಲ್ಲದಿದ್ದರೆ ಆ ಸಣ್ಣ ಸದ್ದು ಕೇಳಿಸುವುದೇ ಇಲ್ಲ.

‘ಎಲ್ಲಿದ್ದರೂ ತೋರಿಸುತ್ತದೆ’ ಅನ್ನುವುದು ಬೇರೆ ಲೆಕ್ಕ. ಇಂಥ ಟ್ಯಾಗ್‌ನಲ್ಲಿ ಸಿಮ್ ಇಲ್ಲ, ಜಿಪಿಎಸ್ ಇಲ್ಲ. ತಾನು ಎಲ್ಲಿದ್ದೇನೆ ಅಂತ ಅದಕ್ಕೇ ಗೊತ್ತಿರುವುದಿಲ್ಲ. ಸುಮ್ನೆ ‘ನಾನಿದ್ದೇನೆ’ ಅಂತ ಕೂಗುತ್ತಿರುತ್ತದೆ. ಪಕ್ಕದಲ್ಲಿ ಹಾದುಹೋಗುವ ಬೇರೆ ಯಾರದೋ ಫೋನು ಆ ಕೂಗು ಕೇಳಿಸಿಕೊಂಡು, ತನ್ನ ಜಾಗವನ್ನು ಇಂಟರ್‌ನೆಟ್ ಮೂಲಕ ಗುಟ್ಟಾಗಿ ಕಳಿಸುತ್ತದೆ. ಅಂದರೆ ನಕ್ಷೆಯಲ್ಲಿ ಕಾಣುವುದು ಆ ಫೋನ್ ಇದ್ದ ಜಾಗ. ಗಂಜ್‌ನಲ್ಲಿ, ಸೂಪರ್ ಮಾರ್ಕೆಟ್‌ನಲ್ಲಿ ಇದು ಬಹಳ ಚೆನ್ನಾಗಿ ನಡೆಯುತ್ತದೆ. ಜನ ಇದ್ದಾರೆ, ಫೋನಿವೆ. ಜನ ಇಲ್ಲದ ಕಡೆ ಎಷ್ಟೇ ದುಡ್ಡಿನ ಟ್ಯಾಗ್ ಆದರೂ ಮೂಕ.

ಅದಕ್ಕೇ ಟ್ಯಾಗ್ ಆರಿಸುವಾಗ ಬೀದಿಯಲ್ಲಿ ಯಾವ ಫೋನು ಜಾಸ್ತಿ ಅಂತ ನೋಡಿ. ಆ್ಯಪಲ್ ಕಂಪನಿಯ ಟ್ಯಾಗ್ ಏರ್‌ಟ್ಯಾಗ್, ಅದರ ಕೂಗನ್ನು ಆ್ಯಪಲ್ ಸಾಧನಗಳು ಮಾತ್ರ ದಾಟಿಸುತ್ತವೆ. ಸ್ಯಾಮ್‌ಸಂಗ್‌ನದನ್ನು ಗ್ಯಾಲಕ್ಸಿ ಸಾಧನಗಳು. ಗ್ಯಾಲಕ್ಸಿಯೂ ಸೇರಿ ಆಂಡ್ರಾಯ್ಡ್ ಫೋನುಗಳಿಗೆ ಗೂಗಲ್ 2024ರಲ್ಲಿ ತನ್ನದೇ ಜಾಲ ಶುರು ಮಾಡಿತು, ಈಗ ಅದರ ಹೆಸರು ಫೈಂಡ್ ಹಬ್. ನಮ್ಮ ಕಡೆ ಹಳ್ಳಿಗಳಲ್ಲಿ ಐಫೋನ್ ಎಷ್ಟು ಕಾಣುತ್ತೀರಿ ಹೇಳಿ?

ಬೀದರ್, ಶಾಲೆಯ ಮೇಷ್ಟ್ರು

ಮೇಲಿನವರು ಹೇಳಿದ ಗೂಗಲ್ ಜಾಲದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅದರಲ್ಲಿ ಮೊದಲಿನಿಂದಲೇ ಇರುವ ಸೆಟ್ಟಿಂಗ್ ‘ಜನ ಹೆಚ್ಚಿರುವ ಜಾಗಗಳಲ್ಲಿ ಮಾತ್ರ’ ಅಂತ. ಒಂದೇ ಫೋನು ಕೇಳಿಸಿಕೊಂಡರೆ ಸಾಲದು, ಹಲವು ಫೋನುಗಳು ಕೇಳಿಸಿಕೊಂಡರೆ ಮಾತ್ರ ಜಾಗ ತೋರಿಸುತ್ತದೆ. ಜನರ ಗುಟ್ಟು ಕಾಪಾಡಲು ಹಾಗೆ ಮಾಡಿದ್ದಾರೆ, ತಪ್ಪಲ್ಲ. ‘ಎಲ್ಲ ಪ್ರದೇಶಗಳಲ್ಲಿ’ ಅಂತ ಬದಲಾಯಿಸಬಹುದು. ಆದರೆ ನಿಮ್ಮ ಫೋನಿನಲ್ಲಿ ಮಾತ್ರ ಬದಲಾಯಿಸಿದರೆ ಆಗುವುದಿಲ್ಲ, ಹಾದಿಯಲ್ಲಿ ಹೋಗುವವರ ಫೋನಿನಲ್ಲೂ ಆಗಿರಬೇಕು. ನಾನು ನಮ್ಮ ಓಣಿಯಲ್ಲಿ, ಸ್ಟಾಫ್ ರೂಮಿನಲ್ಲಿ ಸಿಕ್ಕವರಿಗೆಲ್ಲ ಹೇಳಿ ಬದಲಾಯಿಸಿದ್ದೇನೆ. ಒಂದು ನಿಮಿಷದ ಕೆಲಸ. ಅಕ್ಕಾ, ನಿಮ್ಮ ಹಳ್ಳಿಗೆ ಹೋದಾಗ ಅಗಸಿ (ಊರ ಬಾಗಿಲು) ಕಟ್ಟೆಯ ಹುಡುಗರಿಗೆ ಇದನ್ನು ಮಾಡಿಕೊಡಿ, ಟ್ಯಾಗ್‌ಗಿಂತ ಅದೇ ಮುಖ್ಯ.

ನನ್ನ ಟ್ಯಾಗ್ ಇರುವುದು ಬ್ಯಾಗಿನಲ್ಲಿ. ಬೀದರ್‌ನಿಂದ ಕಲಬುರಗಿಗೆ ರೈಲಿನಲ್ಲಿ ಓಡಾಡುತ್ತೇನೆ. ಒಮ್ಮೆ ಬ್ಯಾಗ್ ರೈಲಿನಲ್ಲೇ ಬಿಟ್ಟು ಹುಮನಾಬಾದ್‌ನಲ್ಲಿ ಇಳಿದುಬಿಟ್ಟೆ. ಆ್ಯಪ್ ತೆರೆದರೆ ಹುಮನಾಬಾದ್ ನಿಲ್ದಾಣವನ್ನೇ ತೋರಿಸುತ್ತಿತ್ತು. ಬ್ಯಾಗ್ ಇಲ್ಲೇ ಇದೆ ಅಂತ ಪ್ಲಾಟ್‌ಫಾರ್ಮ್ ಎಲ್ಲ ಹುಡುಕಿದೆ. ಆಮೇಲೆ ಕೆಳಗೆ ಸಣ್ಣ ಅಕ್ಷರ ಕಂಡಿತು: 26 ನಿಮಿಷದ ಹಿಂದೆ. ನಕ್ಷೆ ನೋಡುವ ಮೊದಲು ಆ ಹೊತ್ತು ನೋಡಿ, ದಯವಿಟ್ಟು. ಆಮೇಲೆ ಕಮಲಾಪುರ ತೋರಿಸಿತು, ಕೊನೆಗೆ ಕಲಬುರಗಿ. ಅಲ್ಲಿದ್ದ ಅಳಿಯನಿಗೆ ಫೋನ್ ಮಾಡಿ ಬ್ಯಾಗ್ ಇಳಿಸಿಕೊಂಡೆವು.

ಶಹಾಪುರ, ಮೊಬೈಲ್ ರಿಪೇರಿ ಮಾಡುವವನು

ಬೈಕಿನ ಬಗ್ಗೆ ಯಾರೂ ಹೇಳಲಿಲ್ಲ. ಬೈಕಿಗೆ ಟ್ಯಾಗ್ ಹಾಕಿ, ಆದರೆ ಅದರ ಮೇಲೆ ಭಾರ ಹಾಕಬೇಡಿ. ಎಂಜಿನ್, ಟ್ಯಾಂಕ್ ಪಕ್ಕ ಬೇಡ. ಸೀಟಿನ ಕೆಳಗೆ ಪ್ಲಾಸ್ಟಿಕ್ ಭಾಗದಲ್ಲಿ ಇಡಿ. ಇನ್ನೊಂದು ತೊಡಕಿದೆ. ಬೇರೆಯವರ ಟ್ಯಾಗ್ ನಮ್ಮ ಜೊತೆ ಸಾಗುತ್ತಿದ್ದರೆ ಫೋನು ಎಚ್ಚರಿಸುತ್ತದೆ. 2024ರ ಮೇನಿಂದ ಐಫೋನ್, ಆಂಡ್ರಾಯ್ಡ್ ಎರಡರಲ್ಲೂ ಇದಿದೆ. ಹೆಣ್ಣುಮಕ್ಕಳ ಹಿಂದೆ ಬೀಳುವವರನ್ನು ತಡೆಯಲು ಮಾಡಿದ್ದು, ಬೇಕೇ ಬೇಕು. ಆದರೆ ಕಳ್ಳನ ಫೋನಿಗೂ ಅದೇ ಎಚ್ಚರಿಕೆ ಹೋಗುತ್ತದೆ. ಹಾಗಾಗಿ ಬೈಕ್ ಹೋದ ಮೊದಲ ಗಂಟೆಯಲ್ಲೇ ಜಾಗ ನೋಡಿ ಪೊಲೀಸರಿಗೆ ತೋರಿಸಿ. ಒಬ್ಬರೇ ಬೆನ್ನು ಹತ್ತಬೇಡಿ.

ಟ್ಯಾಗ್‌ಗೆ ಹಾಕುವ ಸೆಲ್ ಹೆಚ್ಚಾಗಿ ನಾಣ್ಯದಂಥ ಸಿಆರ್2032. ಏರ್‌ಟ್ಯಾಗ್‌ಗೆ ಸುಮಾರು ಒಂದು ವರ್ಷ ಬರುತ್ತದೆ. ಮಕ್ಕಳು ನುಂಗದಿರಲಿ ಅಂತ ಕಹಿ ಲೇಪ ಹಚ್ಚಿದ ಸೆಲ್‌ಗಳಿವೆ. ಅಂಥವು ಏರ್‌ಟ್ಯಾಗ್‌ನಲ್ಲಿ ಕೆಲವೊಮ್ಮೆ ಕೆಲಸ ಮಾಡುವುದಿಲ್ಲ. ಹೊಸ ಸೆಲ್ ಹಾಕಿದರೂ ಸತ್ತಂತಿದೆ ಅಂತ ತಂದವರಿಗೆ ಬೇರೆ ಸೆಲ್ ಹಾಕಿ ಕೊಟ್ಟಿದ್ದೇನೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಏರ್‌ಟ್ಯಾಗ್ ತಡೆಯುವುದು 60 ಡಿಗ್ರಿ ತನಕ, ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ನಿಂತ ಕಾರಿನ ಗಾಜಿನ ಕೆಳಗೆ ಅಷ್ಟಾಗುವುದು ಕಷ್ಟವೇನಲ್ಲ.

ಯಾದಗಿರಿ ಜಿಲ್ಲೆ, ಸುರಪುರ ತಾಲ್ಲೂಕಿನಿಂದ

ತಂಗೀ, ನಿಮ್ಮ ಅಪ್ಪನ ಮಾತಿಗೆ ನಾನು ಉತ್ತರ ಕೊಡಬೇಕು. ನಮ್ಮ ಮನೆಯಲ್ಲೂ ಇದೇ ಆಗಿದೆ.

ನಮ್ಮ ಮುತ್ಯಾನಿಗೆ (ಅಜ್ಜನಿಗೆ) ಮರೆವು ಶುರುವಾದಾಗ ಟ್ಯಾಗ್ ತಂದು ಅಂಗಿ ಜೇಬಿಗೆ ಹಾಕಿದೆವು. ಊರೊಳಗೆ ಮೂರು ತಿಂಗಳು ಚೆನ್ನಾಗಿ ನಡೆಯಿತು. ಹನುಮಪ್ಪನ ಗುಡಿ, ಹೋಟೆಲ್, ಕಟ್ಟೆ, ಎಲ್ಲಿದ್ದರೂ ಕಾಣುತ್ತಿತ್ತು. ನಮಗೆ ನಂಬಿಕೆ ಬಂದುಬಿಟ್ಟಿತು. ಮೊದಲು ಗಳಿಗೆಗೊಮ್ಮೆ ಬಾಗಿಲ ಕಡೆ ನೋಡುತ್ತಿದ್ದವರು ಈಗ ಫೋನು ನೋಡತೊಡಗಿದೆವು. ನಾನು ಮಾಡಿದ ದೊಡ್ಡ ತಪ್ಪು ಅದೇ.

ಒಂದು ಸಂಜೆ ಮುತ್ಯಾ ಇಲ್ಲ. ಫೋನು ತೋರಿಸಿದ್ದು ಊರ ಅಗಸಿ, ನಾಲ್ಕು ಗಂಟೆ ಹತ್ತು ನಿಮಿಷ. ಆಗಲೇ ಐದೂವರೆ ಆಗಿತ್ತು. ಅದಾದ ಮೇಲೆ ಏನೂ ಇಲ್ಲ. ಅಗಸಿ ದಾಟಿದರೆ ಹತ್ತಿ ಹೊಲ, ಹೊಲದಾಚೆ ಹಳ್ಳ. ಆ ಹೊತ್ತಿಗೆ ಹೊಲದಲ್ಲಿ ಯಾರೂ ಇರುವುದಿಲ್ಲ. ಟ್ಯಾಗ್ ಕೂಗುತ್ತಲೇ ಇತ್ತು, ಕೇಳಿಸಿಕೊಳ್ಳುವ ಫೋನೇ ಇರಲಿಲ್ಲ. ನನ್ನ ತಮ್ಮ ಆ್ಯಪ್ ಮತ್ತೆ ಮತ್ತೆ ತೆರೆದು ನೋಡುತ್ತ ಅಳುತ್ತಿದ್ದ. ನಾನು ಕಟ್ಟೆಯ ಮೇಲಿದ್ದವರನ್ನು ಕರೆದೆ. ಹದಿನೈದಿಪ್ಪತ್ತು ಜನ ಬ್ಯಾಟರಿ ಹಿಡಿದು ನಾಲ್ಕು ದಿಕ್ಕಿಗೆ ಹೋದರು. ಏಳೂವರೆಗೆ ಹಳ್ಳದ ದಂಡೆಯ ಬೇವಿನ ಮರದ ಕೆಳಗೆ ಸಿಕ್ಕರು. ಚಪ್ಪಲಿ ಇರಲಿಲ್ಲ. ‘ಎತ್ತು ಬಿಚ್ಚಲು ಬಂದೆ’ ಅಂದರು. ನಾವು ಎತ್ತು ಮಾರಿ ಹನ್ನೊಂದು ವರ್ಷ ಆಗಿದೆ.

ಅವರ ಹತ್ತಿರ ಹೋಗುವಾಗ ನನ್ನ ಜೇಬಿನ ಫೋನಿಗೆ ಟ್ಯಾಗ್ ಸಿಕ್ಕಿತು. ಆಗ ಮುತ್ಯಾ ನನಗೆ ಹದಿನೈದು ಹೆಜ್ಜೆ ದೂರದಲ್ಲಿದ್ದರು, ಬ್ಯಾಟರಿ ಬೆಳಕಿನಲ್ಲಿ ಆಗಲೇ ಕಂಡಿದ್ದರು.

ಏರ್‌ಟ್ಯಾಗ್ ಇರುವುದು ವಸ್ತುಗಳಿಗೆ, ಮನುಷ್ಯರಿಗಲ್ಲ ಅಂತ ಆ್ಯಪಲ್ ಕಂಪನಿಯೇ ಹೇಳುತ್ತದೆ. ಅದನ್ನು ಮೊದಲೇ ಯಾರಾದರೂ ನನಗೆ ಹೇಳಿದ್ದರೆ ಅನಿಸುತ್ತದೆ. ಈಗ ಸಿಮ್ ಹಾಕುವ ಜಿಪಿಎಸ್ ವಾಚ್ ಕಟ್ಟಿದ್ದೇವೆ. ಅದು ಉಪಗ್ರಹದಿಂದ ತನ್ನ ಜಾಗ ತಾನೇ ತಿಳಿದು, ಮೊಬೈಲ್ ನೆಟ್‌ವರ್ಕ್‌ನಲ್ಲಿ ಕಳಿಸುತ್ತದೆ. ಸುತ್ತ ಜನ ಬೇಕಿಲ್ಲ. ಆದರೆ ದಿನಾ ರಾತ್ರಿ ಚಾರ್ಜ್ ಮಾಡಬೇಕು. ಹಳ್ಳದ ತಗ್ಗಿನಲ್ಲಿ ನೆಟ್‌ವರ್ಕ್ ಹೋಗುತ್ತದೆ. ಮೊದಲ ವಾರ ಮುತ್ಯಾ ಬಿಚ್ಚಿ ಬಿಚ್ಚಿ ಎಸೆದರು. ಅವರ ಹಳೇ ವಾಚಿನ ಪಟ್ಟಿಯಂಥದ್ದೇ ಪಟ್ಟಿ ಹಾಕಿಸಿದ ಮೇಲೆ ಕಟ್ಟಿಕೊಳ್ಳುತ್ತಾರೆ.

ಟ್ಯಾಗನ್ನೂ ತೆಗೆದಿಲ್ಲ. ಅದನ್ನು ಈಗ ಅವರ ಕೋಲಿಗೆ ಕಟ್ಟಿದ್ದೇವೆ, ಕೋಲು ಬಿಟ್ಟು ಅವರು ಹೊರಡುವುದು ಕಡಿಮೆ. ಅಂಗಿಯ ಒಳಗೆ ಊರ ಹೆಸರು, ನನ್ನ ನಂಬರು ಹೊಲಿಸಿದ್ದೇವೆ. ಹೋಟೆಲಿನವರಿಗೆ, ಗುಡಿ ಪೂಜಾರಿಗೆ, ಬಸ್ಸಿನ ಕಂಡಕ್ಟರಿಗೆ ಹೇಳಿಟ್ಟಿದ್ದೇವೆ. ನಾಚಿಕೆ ಪಡಬೇಡಿ ತಂಗೀ. ಮನೆಯ ಮಾತು ಅಂತ ನಾವು ಮುಚ್ಚಿಟ್ಟಿದ್ದೆವು, ಅದರಿಂದ ಆ ಸಂಜೆ ಅವರು ಅಗಸಿ ದಾಟುವುದನ್ನು ನೋಡಿದವರೂ ತಡೆಯಲಿಲ್ಲ. ಕಾಣದಿದ್ದರೆ ಅರ್ಧ ಗಂಟೆಯೂ ಕಾಯದೆ 112ಕ್ಕೆ ಫೋನ್ ಮಾಡಿ.

ಕಲಬುರಗಿ, ಬ್ರಹ್ಮಪುರದಿಂದ, ಒಂಬತ್ತು ದಿನದ ಮೇಲೆ

ಸುರಪುರದ ಅಣ್ಣಾ, ನಿಮ್ಮದು ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ಎಲ್ಲರಿಗೂ ಋಣಿ. ಎರಡು ಟ್ಯಾಗ್ ತಂದೆವು, ಗೂಗಲ್ ಜಾಲದ್ದು, ನಮ್ಮ ಮನೆಯಲ್ಲಿ ಎಲ್ಲರದ್ದೂ ಆಂಡ್ರಾಯ್ಡ್. ಒಂದು ಅವ್ವನ ಕೀಲಿಕೈಗೆ, ಒಂದು ಬೈಕಿಗೆ. ನಮ್ಮ ಮನೆಯಲ್ಲೂ ಹೆಜ್ಜೆ ಹಾಕಿ ನೋಡಿದೆ. ಪಡಸಾಲೆಯಿಂದ ದೇವರ ಕೋಣೆ ತನಕ ಸಿಗುತ್ತದೆ, ಹಿತ್ತಲು ಇಲ್ಲ. ಅವ್ವನಿಗೆ ಆ ಸದ್ದಿನ ಬಟನ್ ಒತ್ತುವುದು ಕಲಿಸಿದ್ದೇನೆ, ಖುಷಿಯಾಗಿದ್ದಾಳೆ.

ಅಪ್ಪನಿಗೆ ಜಿಪಿಎಸ್ ವಾಚ್ ಹೇಳಿದ್ದೇವೆ, ಇನ್ನೂ ಬರಬೇಕು. ಅಲ್ಲಿ ತನಕ ಕಾಯುವುದು ಬೇಡ ಅಂತ ಓಣಿಯ ಟೇಲರ್ ಕಾಕಾನ ಹತ್ತಿರ ಅಂಗಿಗೆ ನಂಬರು ಹೊಲಿಸಿದೆ. ಯಾಕೆ ಅಂತ ಅವರು ಕೇಳಿದರು. ಹೇಳಿದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಅಪ್ಪ ದಿನಾ ಬೆಳಗ್ಗೆ ಅವರ ಅಂಗಡಿ ಮುಂದೆಯೇ ಹೋಗುತ್ತಾರಂತೆ, ಒಂದು ಕುರ್ಚಿ ಹಾಕಿಡುತ್ತೇನೆ ಅಂದರು. ಅಂಗಿ ಐದಿವೆ, ಮೂರಕ್ಕೆ ಹೊಲಿದಾಯಿತು. ಉಳಿದ ಎರಡು ಒಗೆಯಲು ಹಾಕಿದ್ದೇವೆ, ನಾಳೆ ಕೊಡುತ್ತೇನೆ.